ಬಸವಣ್ಣೆಪ್ಪ ಮಾಸ್ತರರ ಹೂದಾನಿ

ರೊಟ್ಟಿ ಹಿಟ್ಟು ನಾದುವ ಪರಾತ ಅಡುಗೆಮನೆಯಲ್ಲಿ ಇರಲಿಲ್ಲ. ನೀಲಾಂಬಿಕಾ ಹುಡುಕುತ್ತ ಹಿತ್ತಲಿಗೆ ಹೋದರೆ, ಗಂಡ ಬಸವಣ್ಣೆಪ್ಪ ಮಾಸ್ತರರು ಧೋತರ ಮೇಲೆ ಕಟ್ಟಿಕೊಂಡು, ಕಣ್ಣು ಮುಚ್ಚಿ, ಅದೇ ಪರಾತದಲ್ಲಿ ಕೆರೆಯ ಮಣ್ಣು ನಾದುತ್ತಿದ್ದರು.

“ಅಯ್ಯ ಶಿವನ! ರೊಟ್ಟಿ ಪರಾತದಾಗ ರಾಡಿ ಕಲಸೀರಲ್ರಿ!”

“ರಾಡಿ ಅನಬ್ಯಾಡ. ಮೃತ್ತಿಕೆ ಅನ್ನು.”

“ಏನರ ಅಂತೇನಿ. ಮಧ್ಯಾಹ್ನ ಊಟಕ್ಕ ಮೃತ್ತಿಕೀನ ಬಡದು ಹಾಕ್ಲ್ಯಾ?”

ತಪ್ಪು ಮಾಸ್ತರರದಲ್ಲ, ಮೊಬೈಲಿನದು. ಸವಣೂರಿನ ಹೈಸ್ಕೂಲಿನಲ್ಲಿ ಜೀವಮಾನವಿಡೀ ಗಣಿತ ಕಲಿಸಿ ನಿವೃತ್ತರಾದ ಅವರು ಒಂದು ದಿನ ಮೊಬೈಲಿನಲ್ಲಿ ಗಡ್ಡದ ಕಲಾವಿದನೊಬ್ಬನನ್ನು ನೋಡಿದ್ದರು. ಅವನು ಚಕ್ರವಿಲ್ಲದೆ, ಬರಿಗೈಯಲ್ಲಿ ಮಣ್ಣು ಒತ್ತಿ ಒತ್ತಿ ಚಹಾದ ಕಪ್ಪು ಮಾಡುತ್ತಿದ್ದ. ‘ಮಣ್ಣಿನಲ್ಲಿ ತಪ್ಪು ಎಂಬುದೇ ಇಲ್ಲ, ಸೊಟ್ಟಗಿರುವುದೇ ಸೌಂದರ್ಯ’ ಎಂದ. ಮಾಸ್ತರರಿಗೆ ರೋಮಾಂಚನವಾಯಿತು. (ಇದೇ ಮಾಸ್ತರರು ಹುಡುಗರ ವೃತ್ತ ಚೂರು ತತ್ತಿಯಂತಾದರೂ ಅಂಗೈ ಕೆಂಪಾಗಿಸುತ್ತಿದ್ದರು. ಆ ಹುಡುಗರೆಲ್ಲ ಸೌಂದರ್ಯೋಪಾಸಕರಾಗಿದ್ದರೆಂಬುದು ಅವರಿಗೆ ಈಗ ತಿಳಿಯಿತು.)

ಮೊದಲ ಕೃತಿ, ಚಹಾದ ಕಪ್ಪು. ಒಣಗಿದ್ದೇ ತಡ, ಸುಡುವವರೆಗೂ ಕಾಯದೆ ಚಹಾ ಹಾಕಿಸಿಕೊಂಡರು. ಎರಡು ಗುಟುಕು ಕುಡಿಯುವಷ್ಟರಲ್ಲಿ ಕಪ್ಪೇ ಚಹಾದಲ್ಲಿ ಐಕ್ಯವಾಯಿತು. ಉಳಿದ ಕೃತಿಗಳನ್ನು ಸುಡಲು ನೀಲಾಂಬಿಕಾ ನೀರೊಲೆಗೆಂದು ಕೂಡಿಟ್ಟಿದ್ದ ಸಗಣಿಯ ಕುಳ್ಳೆಲ್ಲ ಹಿತ್ತಲಲ್ಲಿ ಬೆಂಕಿಯಾಯಿತು. ಸ್ವಲ್ಪ ಹೊತ್ತಿಗೆ ಢಬ್, ಢಬ್ ಎಂದು ಶುರುವಾಯಿತು. ಪಕ್ಕದ ಮನೆಯ, ವೀಳ್ಯದೆಲೆ ತೋಟದ ಇನಾಯತ ಸಾಹೇಬರು ಗೋಡೆಯ ಮೇಲಿಂದ ಇಣುಕಿದರು.

“ಏನ್ ಮಾಸ್ತರ, ಮಗಳ ನಿಶ್ಚಿತಾರ್ಥ ಇವತ್ತ ಐತೇನ್ರಿ? ಪಟಾಕ್ಷಿ ಹಚ್ಚೀರಿ?”

“ಕಲೆ ಬೇಯಾಕತ್ತೈತಿ ಸಾಹೇಬ್ರ,” ಎಂದರು ಮಾಸ್ತರರು.

ಬೂದಿಯಿಂದ ಜೀವಂತ ಹೊರಬಂದದ್ದು ಒಂದೇ. ಮಣ್ಣನ್ನು ಚಕ್ಕುಲಿಯ ಹಾಗೆ ಹೊಸೆದು, ಸುತ್ತಿನ ಮೇಲೆ ಸುತ್ತು ಕೂರಿಸಿ ಮಾಡಿದ ಹೂದಾನಿ. ಹೊಟ್ಟೆ ಒಂದು ಕಡೆ ಜೋತು, ಬಾಯಿ ಕುಂಬಳಕಾಯಿ ಹಿಡಿಸುವಷ್ಟು ಅಗಲವಾಗಿತ್ತು. ಮಾಸ್ತರರು ಅದಕ್ಕೆ ‘ಧ್ಯಾನ’ ಎಂದು ಹೆಸರಿಟ್ಟರು. ಗಡ್ಡದವನು ‘ಮಾಡಿದ್ದರ ಬಗ್ಗೆ ಚಿಂತನೆ ಮಾಡಿ’ ಎಂದಿದ್ದನಲ್ಲ, ಸಂಜೆಯಾದರೆ ಹೆಂಡತಿಯನ್ನು ಅದರೆದುರು ಕೂರಿಸುತ್ತಿದ್ದರು.

“ಇದನ್ನ ನೋಡಿದ್ರ ನಿನಗ ಒಳಗೊಳಗ ಏನ ಅನಸ್ತೈತಿ, ಹೇಳು.”

“ಕುಳ್ಳ ನೆನಪಾಗ್ತಾವ್ರಿ.”

ಇಂಥ ಅರಸಿಕಳ ಜೊತೆ ಸಂಸಾರ ಮಾಡುವ ಕಲಾವಿದನ ಕಷ್ಟ ಯಾರಿಗೆ ಬೇಕು!

ಅಷ್ಟರಲ್ಲಿ ಮಗಳು ಶೈಲಶ್ರೀಯನ್ನು ಒಪ್ಪಿದ ಹುಡುಗನ ತಂದೆ, ಹಾನಗಲ್ಲಿನ ಹೊಳಬಸಪ್ಪನವರು, ನಿಶ್ಚಿತಾರ್ಥದ ಮಾತಿಗೆ ಬರುವುದಾಗಿ ಫೋನ್ ಮಾಡಿದರು. ಊರಲ್ಲಿ ವಜನಿದ್ದ ಮನುಷ್ಯ. ಮಾತು ಕಡಿಮೆ, ಎಲೆಯಡಿಕೆ ಜಾಸ್ತಿ.

“ನಿಮ್ಮ ಕಾಲಿಗೆ ಬೀಳ್ತೇನಿ, ಬೀಗರ ಮುಂದ ಮಣ್ಣಿನ ಸುದ್ದಿ ತಗೀಬ್ಯಾಡ್ರಿ,” ಎಂದಳು ನೀಲಾಂಬಿಕಾ.

“ನಾ ಬಾಯಿ ಬಿಡಂಗಿಲ್ಲ. ಕಲೆ ತಾನ ಮಾತಾಡ್ತೈತಿ.”

ಕಲೆಗೆ ಮಾತಾಡಲು ಅನುಕೂಲವಾಗಲಿ ಎಂದು ಹೂದಾನಿಯನ್ನು ಪಡಸಾಲೆಯ ಗಾದಿಯ ಪಕ್ಕದಲ್ಲೇ ಸ್ಟೂಲಿನ ಮೇಲೆ ಇಟ್ಟರು. ಬೀಗರು ಬಂದರು, ಉಂಡರು, ಇನಾಯತ ಸಾಹೇಬರು ಕಳಿಸಿದ್ದ ಎಳೆ ಎಲೆಗಳನ್ನು ಮಡಚಿ ಮಡಚಿ ಬಾಯಿಗೆ ತುಂಬಿಕೊಂಡು ಗಾದಿಯ ಮೇಲೆ ಒರಗಿದರು. ಅವರ ಕಣ್ಣು ಹೂದಾನಿಯ ಮೇಲೆ ಬಿತ್ತು. ಬಿದ್ದದ್ದು ಅಲ್ಲೇ ನಿಂತಿತು. ಮಾಸ್ತರರಿಗೆ ತಡೆಯಲಾಗಲಿಲ್ಲ.

“ನಾನ ಮಾಡಿದ್ದರಿ, ಬೀಗ್ರ.”

ಹೊಳಬಸಪ್ಪನವರು ಬಾಯಿ ತುಂಬಿದ್ದರಿಂದ “ಹ್ಞೂಂ?” ಎಂದು ಹುಬ್ಬೇರಿಸಿದರು. ಅಷ್ಟು ಸಾಕಾಯಿತು.

“ಹೊರಗಿನ ಮಣ್ಣ ನೋಡಬಾರದ್ರಿ. ಒಳಗ ಖಾಲಿ ಐತಲ್ಲ, ಅದ ಮುಖ್ಯ. ಆ ಖಾಲಿ ಜಾಗಾ ನೋಡವ್ರನ್ನ ಕರೀತೈತಿ. ಬಂದವ್ರು ತಮ್ಮಲ್ಲಿ ಇದ್ದದ್ದರಿಂದ ಅದನ್ನ ತುಂಬಬೇಕ್ರಿ!”

ಹೊಳಬಸಪ್ಪನವರ ಮುಖದಲ್ಲಿ ಕೃತಜ್ಞತೆ ಮೂಡಿತು. ಬಹಳ ಹೊತ್ತಿನಿಂದ ಅವರು ಅದೇ ಮಾತಿಗೆ ಕಾದಿದ್ದರು. ಮೆಲ್ಲಗೆ ಬಾಗಿ, ಎರಡೂ ಕೈಯಿಂದ ‘ಧ್ಯಾನ’ವನ್ನು ಹತ್ತಿರ ಎಳೆದುಕೊಂಡು, ತಮ್ಮಲ್ಲಿ ಇದ್ದದ್ದರಿಂದ ಅದನ್ನು ತುಂಬಿದರು.

ಮಾಸ್ತರರ ಬಾಯಿ ತೆರೆಯಿತು, ಬಾಗಿಲ ಸಂದಿಯಲ್ಲಿ ನಿಂತಿದ್ದ ಶೈಲಶ್ರೀಯ ಗಾಬರಿಗೊಂಡ ಮುಖ ಕಂಡಿತು, ಬಾಯಿ ಮುಚ್ಚಿತು. ನೀಲಾಂಬಿಕಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ದುಃಖಕ್ಕಲ್ಲ ಎಂಬುದು ಅವಳ ಭುಜಗಳಿಂದ ಗೊತ್ತಾಗುತ್ತಿತ್ತು.

ಬಾಯಿ ಖಾಲಿಯಾದ ಹೊಳಬಸಪ್ಪನವರು ಮೊದಲ ಸಲ ಮನಸ್ಸು ಬಿಚ್ಚಿ ಮಾತಾಡಿದರು.

“ಭಾಳ ಚಲೋ ಮಾಡೀರಿ, ಮಾಸ್ತರ. ಈಗಿನ ಪೀಕದಾನಿ ಎಲ್ಲಾ ಸಣ್ಣ ಬಾಯಿವು. ಗುರಿ ಇಟ್ಟು ಉಗಳಬೇಕು. ಇದರ ಬಾಯಿ ನೋಡ್ರಿ, ಎಷ್ಟ ಉದಾರ! ಮತ್ತ ಈ ಹೊಟ್ಟಿ ಒಂದು ಕಡೆ ವಾಲೇತಲ್ಲ, ಅದ ಖರೇ ಶಾಣ್ಯಾತನ. ಒಳಗಿಂದು ಹೊರಗ ಕಾಣಂಗಿಲ್ಲ, ಸಿಡಿಯಂಗಿಲ್ಲ. ಭಾಳ ವಿಚಾರ ಮಾಡಿ ಮಾಡೀರಿ.”

ತಮ್ಮ ಕೃತಿಯನ್ನು ಯಾರಾದರೂ ಇಷ್ಟು ಸೂಕ್ಷ್ಮವಾಗಿ ನೋಡಿದ್ದು ಅದೇ ಮೊದಲು. ಮಾಸ್ತರರಿಗೆ ಅಳಬೇಕೋ ಉಬ್ಬಬೇಕೋ ತಿಳಿಯಲಿಲ್ಲ.

“ನಮ್ಮ ಮನಿಯಾಗ ಹಿರ್ಯಾರು ಭಾಳ ಮಂದಿ. ಲಗ್ನದಾಗ ಮತ್ತೇನೂ ಕೊಡಬ್ಯಾಡ್ರಿ, ನಿಮ್ಮ ಕೈಯಾಗಿನ ಇಂಥಾವು ಒಂದಿಷ್ಟ ಕೊಡ್ರಿ. ಹಾನಗಲ್ಲಾಗ ಹೆಸರಾಕೈತಿ,” ಎಂದು ಬೀಗರು ನಿಶ್ಚಿತಾರ್ಥದ ದಿನವನ್ನೂ ಗೊತ್ತುಮಾಡಿ ಎದ್ದರು.

ಅವರನ್ನು ಬಸ್ಸು ಹತ್ತಿಸಿ ಬಂದ ಮಾಸ್ತರರು ಗಾದಿಯ ತುದಿಯಲ್ಲಿ ಕುಳಿತು, ಗಲ್ಲಕ್ಕೆ ಕೈಹಚ್ಚಿ ಗೋಡೆ ನೋಡತೊಡಗಿದರು. ನಕ್ಕು ನಕ್ಕು ಸುಸ್ತಾಗಿದ್ದ ನೀಲಾಂಬಿಕಾಗೆ ಈಗ ನಿಜಕ್ಕೂ ಕನಿಕರ ಬಂತು. ಹತ್ತಿರ ಬಂದು ಕುಳಿತಳು.

“ಹೋಗ್ಲಿ ಬಿಡ್ರಿ. ಮನಸಿಗೆ ಭಾಳ ಹಚ್ಕೋಬ್ಯಾಡ್ರಿ.”

“ಅದಲ್ಲ,” ಎಂದರು ಮಾಸ್ತರರು ಚಿಂತೆಯಿಂದ. “ಹೆಣ್ಮಕ್ಕಳ ಕಡೆ ಇಡೂ ಪೀಕದಾನಿಗೆ ಹಿಡಿಕಿ ಇರಬೇಕೋ ಬ್ಯಾಡೋ, ಕೇಳೂದ ಮರತೆ ನೋಡು.”