ಬುಟ್ಟಿ ತುಂಬಿ ನಿಂತ ದಿನ

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ವಯಸ್ಸಾದ ಹಾಗೆ ಹೊಟ್ಟೆಕಿಚ್ಚು ಕಡಿಮೆಯಾಗುತ್ತದೆ ಎಂದು ದೇವಸ್ಥಾನದ ಪ್ರವಚನದಲ್ಲಿ ಹೇಳುತ್ತಾರೆ. ನನಗೆ ಕಡಿಮೆಯಾದದ್ದು ಹಲ್ಲು ಮಾತ್ರ. ಚಿಕ್ಕವಳಿದ್ದಾಗ ಅಕ್ಕನ ಲಂಗ ನೋಡಿ ಉರಿದೆ, ಮದುವೆಯಾದ ಮೇಲೆ ಓರಗಿತ್ತಿಯ ಓಲೆ ನೋಡಿ ಉರಿದೆ, ಹೂವಿನ ಅಂಗಡಿ ಇಟ್ಟ ಮೇಲೆ ರಸ್ತೆಯಾಚೆಗಿನ ನಾಗರತ್ನಳ ಹೂವಿನ ಅಂಗಡಿ ನೋಡಿ ಉರಿದೆ. ಇವೆಲ್ಲ ನ್ಯಾಯವಾದ ಉರಿ, ಯಾರಾದರೂ ಒಪ್ಪುತ್ತಾರೆ. ಆದರೆ ಅರವತ್ತೆಂಟಕ್ಕೆ ನಾನು ಹೊಟ್ಟೆ ಉರಿದುಕೊಂಡದ್ದು ಕಂಪ್ಯೂಟರಿನೊಳಗೆ ಓಡುವ, ಕಣ್ಣಿಗೇ ಕಾಣದ ಕೆಲಸದಾಳುಗಳ ಮೇಲೆ. ಕಾಣದ್ದರ ಮೇಲೆ ಹೇಗೆ ಉರಿದೆ ಎಂದು ಕೇಳಬೇಡಿ. ಅಭ್ಯಾಸ ಬಲವಾಗಿದ್ದರೆ ಕಾಣಲೇಬೇಕು ಎಂದೇನಿಲ್ಲ.

ಕೊಡಿಗೇಹಳ್ಳಿಯಲ್ಲಿ ಮನೆಯ ಮುಂದೆಯೇ ನನ್ನ ಅಂಗಡಿ. ಅಂಗಡಿ ಎಂದರೆ ಒಂದು ಹಲಗೆ, ಒಂದು ದೊಡ್ಡ ಛತ್ರಿ, ಅದರ ಕೆಳಗೆ ನಾನು. ಬೆಳಗಾಗುವಷ್ಟರಲ್ಲಿ ಮಾರ್ಕೆಟ್ಟಿನಿಂದ ಬಿಡಿ ಹೂ ಬಂದಿರುತ್ತದೆ. ನಾನೊಬ್ಬಳೇ ಕಟ್ಟುತ್ತ ಕೂತರೆ ಮೊಗ್ಗೆಲ್ಲ ಅರಳಿ ಬಾಡಿಹೋಗುತ್ತದೆ. ಅದಕ್ಕೆ ಹಿಂದಿನ ಬೀದಿಯ ನಾಲ್ಕು ಮನೆಗೆ ಹಂಚುತ್ತೇನೆ. ಅಡುಗೆ ಮುಗಿಸಿದ ಹೆಂಗಸರು ಮೊಳದ ಲೆಕ್ಕದಲ್ಲಿ ಕಟ್ಟಿಕೊಡುತ್ತಾರೆ. ಒಂದೊಂದು ಮನೆಗೂ ಒದ್ದೆ ಬಟ್ಟೆ ಹಾಸಿದ ಒಂದೊಂದು ಬಿದಿರಿನ ಬುಟ್ಟಿ. ಕಟ್ಟಿದ ಹೂ ಆ ಬುಟ್ಟಿಯಲ್ಲೇ ಇರಬೇಕು. ನೆಲದ ಮೇಲೆ ಇಡಬಾರದು, ಫ್ರಿಜ್ಜಿನಲ್ಲಿ ಸಾರಿನ ಪಾತ್ರೆ ಪಕ್ಕ ಇಡಬಾರದು, ಒತ್ತಿ ತುರುಕಿ ನಲುಗಿಸಬಾರದು. ಇದು ನನ್ನ ಕಟ್ಟಪ್ಪಣೆ. ಇನ್ನೊಂದು ನೇಮ ನನಗೇ ಹಾಕಿಕೊಂಡದ್ದು: ಮಾರುವ ಹೂ ನಾನು ಮುಡಿಯುವುದಿಲ್ಲ. ಬಂಡವಾಳವನ್ನು ಯಾರಾದರೂ ತಲೆಗೆ ಸಿಕ್ಕಿಸಿಕೊಂಡು ತಿರುಗುತ್ತಾರೆಯೇ?

ಕೆಲಸ ಹಂಚಿ ಸುಮ್ಮನಿರುವ ಜೀವವೂ ನನ್ನದಲ್ಲ. ಹೂ ಕಟ್ಟುವ ಜಯಮ್ಮನ ಮನೆಗೆ ಹೋಗಿ ಎದುರಿಗೇ ಕೂತು, ಬೈದು, ಕಟ್ಟಿದಷ್ಟನ್ನು ಎತ್ತಿಕೊಂಡು, ಅಲ್ಲಿಂದ ಮುಮ್ತಾಜಳ ಮನೆಗೆ ಹೋಗಿ ಕೂತು, ಅವಳನ್ನೂ ಬೈದು, ಹೀಗೆ ದಿನವೆಲ್ಲ ಸುತ್ತುತ್ತಿದ್ದೆ. ಅಷ್ಟರಲ್ಲಿ ಅಂಗಡಿಗೆ ಬಂದ ಗಿರಾಕಿ ಒಂದು ಗಳಿಗೆ ನಿಂತು ನೋಡಿ, ರಸ್ತೆ ದಾಟಿ ನಾಗರತ್ನಳ ಹತ್ತಿರ ಹೋಗುತ್ತಿದ್ದ.

"ನೀನಿಂಗೆ ಎದ್ರಿಗೆ ಕೂತ್ರೆ ಕೈಯೇ ಓಡಲ್ಲ ಕಣಕ್ಕ," ಎನ್ನುತ್ತಿದ್ದಳು ಜಯಮ್ಮ. "ಪೊಲೀಸ್ ಸ್ಟೇಷನ್ನಾಗೆ ಕೂತು ಊವ ಕಟ್ದಂಗೆ ಆಯ್ತದೆ."

"ಸ್ಟೇಷನ್ನಾಗಾದ್ರೆ ಒಂದು ಲೋಟ ಕಾಪಿನಾದ್ರೂ ಕೊಡ್ತಾರೆ ಕಣೇ. ನಿನ್ ಮನೇಲಿ ಅದೂ ಗತಿಯಿಲ್ಲ."

ಹೀಗೆ ನಡೆಯುತ್ತಿದ್ದಾಗ ನಮ್ಮ ಮನೆಯ ಮೇಲಿನ ಶೀಟಿನ ರೂಮಿಗೆ ಗದಗಿನ ಕಡೆಯ ಸವಿತಾ ಬಾಡಿಗೆಗೆ ಬಂದಳು. ಕಂಪ್ಯೂಟರ್ ಕೆಲಸದ ಹುಡುಗಿ. ಆಫೀಸಿಗೆ ಹೋಗದ ದಿನ, ಶೀಟು ಕಾಯತೊಡಗಿದ ಕೂಡಲೇ ಕೆಳಗಿಳಿದು, ನನ್ನ ಹಲಗೆಯ ಹಿಂದಿನ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ತೊಡೆಗಿಟ್ಟುಕೊಂಡು ಕೂರುತ್ತಿದ್ದಳು. ನನ್ನ ಫೋನಿಗೆ ಬಂದ ಮೆಸೇಜು ಓದಿ ಹೇಳುವವಳೂ ಅವಳೇ. ನನಗೆ ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ಬರುತ್ತದೆ, ಬಸ್ಸು ನಿಂತಿದ್ದರೆ. ಓದಿ ಹೇಳುವ ಉಪಕಾರಕ್ಕೆ ದಿನಾ ಬೆಳಿಗ್ಗೆ ಅವಳಿಗೆ ಒಂದು ಮೊಳ ಮಲ್ಲಿಗೆ ಕೊಡುತ್ತಿದ್ದೆ. ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ಏನೂ ತಕರಾರಿರಲಿಲ್ಲ. ತಕರಾರು ಶುರುವಾದದ್ದು ಕಡಲೆಕಾಯಿಯಿಂದ. ಅವಳು ಒಂದು ಗುಂಡಿ ಒತ್ತುವುದು, ಆಮೇಲೆ ಕಾಲು ಚಾಚಿ ಕಡಲೆಕಾಯಿ ಬಿಡಿಸುವುದು.

"ಏನೇ, ಕಡ್ಲೇಕಾಯಿ ತಿನ್ನಕ್ಕೂ ಸಂಬಳ ಕೊಡ್ತಾರಾ?" ಎಂದು ಕೇಳಿದೆ.

"ಕೆಲಸ ನಡದೈತ್ರಿ ಅಜ್ಜಿ. ನನ್ನ ಪ್ರೋಗ್ರಾಮು ಬ್ಯಾರೆ ಸಣ್ಣ ಪ್ರೋಗ್ರಾಮುಗಳನ್ನ ಕೆಲಸಕ್ಕ ಹಚ್ಚೈತಿ. ಚೈಲ್ಡ್ ಪ್ರೋಸೆಸ್ ಅಂತೀವಿ, ಮರಿ ಪ್ರೋಗ್ರಾಮು ಅನ್ರಿ. ಒಂದು ಫೋಟೋ ಸಣ್ಣದ್ ಮಾಡತೈತಿ, ಒಂದು ವಿಡಿಯೋ ಕತ್ತರಸತೈತಿ. ಅವು ಮುಗಸೂತನಾ ಎದುರಿಗೆ ಕುಂತು ಕಾಯೂದಿಲ್ರಿ. ಅಷ್ಟರಾಗ ನಾವು ಬ್ಯಾರೆ ಕೆಲಸ ಮಾಡೂದು. ಮುಗಿದ ಮ್ಯಾಲ ತಾವ ಬಂದು ಹೇಳತಾವ."

"ತಾವೇ ಬಂದು ಏಳ್ತಾವಾ?"

"ಹೂಂರಿ. ಮುಗಿಸಿ ಒಂದು ನಂಬರ್ ಕೊಡತಾವ. ಸೊನ್ನಿ ಕೊಟ್ರ ಛಲೋ ಆಗೈತಿ ಅಂತ ಅರ್ಥ."

ಮೂರನೇ ಕ್ಲಾಸಿನಲ್ಲಿ ನಾನೂ ಸೊನ್ನೆ ತಂದಿದ್ದೆ. ಛಲೋ ಆಗಿದೆ ಎಂದು ಒಬ್ಬರೂ ಹೇಳಲಿಲ್ಲ; ಮಾರನೆಯ ದಿನದಿಂದ ಎಮ್ಮೆ ಕಾಯಲು ಕಳಿಸಿದರು. "ಅದಿರಲಿ, ಮೊಂಡಾಟ ಮಾಡಿದ್ರೆ ಏನ್ ಮಾಡ್ತೀಯ?" ಎಂದೆ.

"ಇಷ್ಟು ಹೊತ್ತಿನಾಗ ಮುಗಿಸಬೇಕು ಅಂತ ಗಡುವು ಕೊಟ್ಟಿರ್ತೀನ್ರಿ. ಮುಗಸಲಿಲ್ಲ ಅಂದ್ರ ಕೊಂದ ಹಾಕೂದು," ಎಂದು ಇನ್ನೊಂದು ಕಡಲೆಕಾಯಿ ಬಿಡಿಸಿದಳು.

ನಾನು ಜಯಮ್ಮನನ್ನು ನೆನೆದು ನಿಟ್ಟುಸಿರು ಬಿಟ್ಟೆ. ಆ ಹುಡುಗಿಯ ಮರಿಗಳಿಗೆ ಹಬ್ಬವಿಲ್ಲ, ಅತ್ತೆಯಿಲ್ಲ, ಧಾರಾವಾಹಿಯಿಲ್ಲ, ಬೆರಳಿಗೆ ನಾರು ಕೊಯ್ದು ಗಾಯವಾಗುವುದಿಲ್ಲ, ಅಡ್ವಾನ್ಸು ಕೇಳುವುದಿಲ್ಲ. ನನ್ನದೋ, ಬೆನ್ನು ತಿರುಗಿಸಿದರೆ ಬೆರಳು ನಿಲ್ಲಿಸುವ ಸೈನ್ಯ. ಇಪ್ಪತ್ತನಾಲ್ಕು ವರ್ಷದ ಹುಡುಗಿ ಕೂತಲ್ಲಿಂದಲೇ ಯಜಮಾನಿಕೆ ನಡೆಸುತ್ತಾಳೆ, ನಾನು ಮಂಡಿ ಹಿಡಿದುಕೊಂಡು ಬೀದಿ ಸುತ್ತುತ್ತೇನೆ. ಅವಳಿಗೆ ಕೊಡುವ ಮೊಳವನ್ನು ಆವತ್ತಿನಿಂದ ಸ್ವಲ್ಪ ಗಿಡ್ಡವಾಗಿಯೇ ಅಳೆದೆ.

ಅದೇ ವಾರ ಚಿಕ್ಕಜಾಲದ ಕಡೆಯ ಚೌಟ್ರಿಯ ಮ್ಯಾನೇಜರಿಂದ ಮೆಸೇಜು ಬಂತು. ಅಲ್ಲಿನ ಮದುವೆಗಳ ಹೂವೆಲ್ಲ ವರ್ಷಗಳಿಂದ ನಾಗರತ್ನಳದ್ದು. ಈ ಸಲ ಒಂದು ಆರತಕ್ಷತೆಗೆ, ಮುಡಿಗೆ ಹಂಚಲೂ ಮಂಟಪಕ್ಕೂ, ನನ್ನ ಕೈಯ ಹೂ ನೋಡುತ್ತಾರಂತೆ. ಸಂಜೆ ಐದಕ್ಕೆ ಆಟೋ ಬರುವಷ್ಟರಲ್ಲಿ ಎಲ್ಲ ಸಿದ್ಧವಿದ್ದರೆ ಮುಂದಿನ ಮದುವೆಗಳೆಲ್ಲ ನನಗೇ. ಸವಿತಾ ಓದಿದಳು. ಇನ್ನೊಂದು ಸಲ ಓದಿಸಿದೆ. ಕೇಳಲು ಅಷ್ಟು ಚೆನ್ನಾಗಿತ್ತು.

ಆ ದಿನ ಬೆಳಿಗ್ಗೆ ನಾಲ್ಕೂ ಮನೆಗೆ ರಾಶಿ ರಾಶಿ ಹೂ ಹಾಕಿಸಿ, ಬಾಗಿಲಲ್ಲಿ ನಿಂತು ಹೊಸ ಕಾನೂನು ಸಾರಿದೆ. "ಇವತ್ತು ನಾನು ಬಂದು ಕೂರಲ್ಲ. ಪೂರ್ತಿ ಮುಗಿದ್ ಮೇಲೆ ಒಂದು ಫೋನ್ ಮಾಡಿ. ಮುಗಿಯಕ್ಕೆ ಮುಂಚೆ ಅದಿಲ್ಲ ಇದಿಲ್ಲ ಅಂತ ಯಾವಳಾದ್ರೂ ಫೋನ್ ಮಾಡಿದ್ರೋ, ನಾಳೆಯಿಂದ ಅವಳಿಗೆ ಊವ ಇಲ್ಲ." ಕೊಂದು ಹಾಕುತ್ತೇನೆ ಎನ್ನಲು ಬಾಯಿ ತುದಿಗೆ ಬಂದಿತ್ತು, ಜಯಮ್ಮನ ಮೈಕಟ್ಟು ನೋಡಿ ಬಿಟ್ಟೆ. ಅಂಗಡಿಗೆ ಬಂದು, ಕಾಲು ಚಾಚಿ ಕೂತು, ಕಡಲೆಕಾಯಿ ತರಿಸಿಕೊಂಡೆ. ಹಲ್ಲಿಲ್ಲದ್ದರಿಂದ ತಿನ್ನಲಾಗಲಿಲ್ಲ. ಬಿಡಿಸಿ ಬಿಡಿಸಿ ಇಟ್ಟುಕೊಂಡೆ.

ಹನ್ನೆರಡಾಯಿತು. ಒಂದು ಫೋನೂ ಇಲ್ಲ. ಎಷ್ಟು ಶ್ರದ್ಧೆಯಿಂದ ಕಟ್ಟುತ್ತಿದ್ದಾರೆ ಎಂದುಕೊಂಡೆ. ರಸ್ತೆಯಾಚೆ ನಾಗರತ್ನ ತನ್ನ ಹೂ ಕಟ್ಟುವವರ ಮನೆಗಳಿಗೆ ಸ್ಕೂಟರಿನಲ್ಲಿ ಹೋಗುವುದು, ತುಂಬಿದ ಬುಟ್ಟಿ ತರುವುದು, ಖಾಲಿ ಬುಟ್ಟಿ ಹೇರಿಕೊಂಡು ಮತ್ತೆ ಹೋಗುವುದು. ಪಾಪ, ಅವಳಿಗೆ ಹೊಸ ಕಾಲದ ಕೆಲಸ ಗೊತ್ತಿಲ್ಲ ಎಂದು ಮನಸಾರೆ ಮರುಗಿದೆ. ನಾಗರತ್ನಳ ಬಗ್ಗೆ ನಾನು ಮರುಗಿದ್ದು ಅದೊಂದೇ ಸಲ.

ಮೂರಾಯಿತು, ಆಗಲೂ ಫೋನಿಲ್ಲ. ಎದ್ದು ಹೋಗಿ ನೋಡುತ್ತೇನೆ, ಜಯಮ್ಮ ಟಿವಿ ಮುಂದೆ ಮಲಗಿದ್ದಾಳೆ. ಬುಟ್ಟಿ ಕಂಠಮಟ್ಟ ತುಂಬಿದೆ. ಪಕ್ಕದಲ್ಲಿ ಕಟ್ಟದ ಹೂ ಅರ್ಧಕ್ಕಿಂತ ಹೆಚ್ಚು ಹಾಗೇ ಬಿದ್ದು ಅರಳುತ್ತಿದೆ.

"ಏನೇ ಇದು! ಯಾಕ್ ನಿಲ್ಸಿದ್ದೀಯ?"

"ಬುಟ್ಟಿ ತುಂಬೋಯ್ತು. ಇನ್ನೆಲ್ಲಿ ಇಕ್ಕಲಿ, ನನ್ ತಲೆ ಮ್ಯಾಲಾ? ನೆಲದಾಗ್ ಇಡ್ಬ್ಯಾಡ, ಪ್ರಿಜ್ಜಾಗ್ ಇಡ್ಬ್ಯಾಡ, ಒತ್‌ಬ್ಯಾಡ ಅಂದೋಳು ನೀನೇ. ದಿನಾ ಬಂದು ಎತ್ಕೊಂಡ್ ಓಗ್ತಿದ್ದೆ. ಬತ್ತೀಯ ಅಂತ ಕಾಯ್ತಾವ್ನಿ."

"ಒಂದು ಫೋನ್ ಮಾಡಕ್ಕೇನಾಗಿತ್ತು ರೋಗ?"

"ಮುಗಿಯಕ್ಕೆ ಮುಂಚೆ ಮಾಡಿದ್ರೆ ಊವ ಇಲ್ಲ ಅಂದ್ಯಲ್ಲಕ್ಕ. ಮುಗ್ದಿಲ್ವಲ್ಲ!"

ನಾಲ್ಕು ಮನೆಯಲ್ಲೂ ಇದೇ ಕಥೆ. ಮುಮ್ತಾಜ್ ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಮುಚ್ಚಿಟ್ಟು, ಬಟ್ಟೆ ಒಗೆದು, ಒಣಗಿಸಿ, ಮಡಚಿಯೂ ಆಗಿತ್ತು. ಬೆಳಗಿನಿಂದ ಅವರು ನನ್ನನ್ನು ಕಾಯುತ್ತಿದ್ದರು, ನಾನು ಅವರನ್ನು ಕಾಯುತ್ತಿದ್ದೆ. ಕೆಲಸ ನಡೆಯುತ್ತಿದ್ದದ್ದು ನನ್ನ ಬೈಗುಳದಿಂದ ಎಂದು ಇಷ್ಟು ವರ್ಷ ತಿಳಿದಿದ್ದೆ. ನಡೆಯುತ್ತಿದ್ದದ್ದು ಬೈದು ಏಳುವಾಗ ನಾನು ಬುಟ್ಟಿ ಖಾಲಿ ಮಾಡುತ್ತಿದ್ದದ್ದರಿಂದ. ಎಲ್ಲರನ್ನೂ ಅಂಗಡಿ ಮುಂದೆ ಎಳೆದುಕೊಂಡು ಬಂದು ಕೂರಿಸಿ ಕಟ್ಟಿದೆವು. ಆಟೋ ಬಂದಾಗ ಮುಡಿಗೆ ಹಂಚುವ ಹೂ ಮಾತ್ರ ಆಗಿತ್ತು; ಮಂಟಪದ್ದು ಆಗಿರಲಿಲ್ಲ. ಆಟೋದವನು ಮ್ಯಾನೇಜರಿಗೆ ಫೋನು ಹಚ್ಚಿ, ಮಾತಾಡಿ, ರಸ್ತೆ ದಾಟಿ ನಾಗರತ್ನಳ ಅಂಗಡಿಗೆ ಹೋದ. ಅವಳ ಹತ್ತಿರ ಹೆಚ್ಚಿಗೆ ಕಟ್ಟಿಟ್ಟದ್ದು ಇತ್ತು. ಇರದೆ ಏನು? ಸಂಜೆ ಮೆಸೇಜು ಬಂತು: ಇನ್ನು ಮೇಲೆ ಮುಡಿಯುವ ಹೂ ಅಜ್ಜಿಯದು, ಮಂಟಪ ನಾಗರತ್ನಮ್ಮನದು. ಇದನ್ನು ಎರಡನೇ ಸಲ ಓದಿಸಲಿಲ್ಲ.

ಕಥೆಯೆಲ್ಲ ಕೇಳಿ ಸವಿತಾ ನಗಬಹುದು ಎಂದುಕೊಂಡಿದ್ದೆ. ನಗಲಿಲ್ಲ. "ಅಯ್ಯ, ನಂದೂ ಬೆಳಿಗ್ಗಿಯಿಂದ ಹಿಂಗ ನಿಂತೈತ್ರಿ ಅಜ್ಜಿ," ಎಂದಳು. "ಮರಿ ಪ್ರೋಗ್ರಾಮು ಹೇಳೂದೆಲ್ಲಾ ಒಂದು ಪೈಪಿನ್ಯಾಗ ಬರತೈತಿ. ಈ ಕಡೆಯಿಂದ ನಾವು ಓದಿ ಓದಿ ಖಾಲಿ ಮಾಡ್ತಿರಬೇಕು. ಇಲ್ಲಾಂದ್ರ ಪೈಪು ತುಂಬಿ ಅದು ಅಲ್ಲೇ ನಿಂದರತೈತಿ. ಅದು ಮುಗಸಲಿ ಅಂತ ನಾ ಕಾಯೂದು, ನಾ ಓದಲಿ ಅಂತ ಅದು ಕಾಯೂದು. ಗಡುವು ಮುಗದು ಕೊಂದು ಮತ್ತ ಹಚ್ಚಿದ್ರೂ ಅಲ್ಲೇ ನಿಂದರತೈತಿ. ಈಗ ನಮ್ಮ ಆಫೀಸಿನ ಮ್ಯಾನೇಜರ್ ಕೈಲಿ ಬೈಸಿಕೊಂಡು ಬಂದೀನ್ರಿ."

ಅಂದರೆ ಅವಳ ಮರಿಗಳೂ ಜಯಮ್ಮನ ಜಾತಿಯವೇ! ಕೈಗೆ ಬಂದ ಮಂಟಪ ಹೋದ ನೋವು ಅರ್ಧಕ್ಕರ್ಧ ಇಳಿದುಹೋಯಿತು. ಬಿಡಿಸಿಟ್ಟಿದ್ದ ಕಡಲೆಬೀಜವನ್ನೆಲ್ಲ ಅವಳ ಮಡಿಲಿಗೆ ಸುರಿದು, "ತಿನ್ನು ಮಗಾ, ಬೇಜಾರ್ ಮಾಡ್ಕೋಬ್ಯಾಡ," ಎಂದೆ. ಅಷ್ಟು ಪ್ರೀತಿ ನನ್ನ ಬಾಯಲ್ಲಿ ಬಂದದ್ದು ಕೇಳಿ ಅವಳು ಗಾಬರಿಯಾದಳು.

ಮರುದಿನ ಬೆಳಿಗ್ಗೆ ಅವಳಿಗೆಂದು ಮಲ್ಲಿಗೆಯನ್ನು ಉದ್ದವಾಗಿ, ಧಾರಾಳವಾಗಿ ಅಳೆದು ಕತ್ತರಿಸಿದೆ. ಅವಳು ಮೆಟ್ಟಿಲಿಳಿದು ಬಂದಳು. "ಎಂಗವೆ ನಿನ್ ಮರಿಗಳು? ಇನ್ನೂ ನಿಂತೇ ಅವಾ?" ಎಂದು ಎಷ್ಟು ಮರುಕದಿಂದ ಸಾಧ್ಯವೋ ಅಷ್ಟು ಮರುಕದಿಂದ ಕೇಳಿದೆ.

"ಇಲ್ರಿ ಅಜ್ಜಿ! ಎರಡ ಸಾಲು ಬದಲ ಮಾಡಿದೆ, ಓಡಾಕತ್ತಾವ. ಎಲ್ಲಾ ಸೊನ್ನಿ!" ಎಂದು ನಗುತ್ತ ಹೂವಿಗೆ ಕೈ ಚಾಚಿದಳು.

ನಾನು ಆ ಮೊಳ ಮಲ್ಲಿಗೆಯನ್ನು ನನ್ನ ತುರುಬಿಗೇ ಸಿಕ್ಕಿಸಿಕೊಂಡು, ಖಾಲಿ ಬುಟ್ಟಿಗಳನ್ನು ಸೊಂಟಕ್ಕೆತ್ತಿಕೊಂಡು, ಜಯಮ್ಮನ ಮನೆ ಕಡೆ ಹೊರಟೆ.