ಕಂಬ ತೊಟ್ಟ ಏಳು ಬಳೆ

“ಭಾನುವಾರ ಹೊತ್ತು ಮುಳುಗೋದ್ರೊಳಗೆ ನನ್ನ ದೋಣಿ ಈ ಜಗಲಿ ಬಿಟ್ಟು ಕೆರೆಗೆ ಇಳೀಲಿಲ್ಲ ಅಂದ್ರೆ, ಜಗಲಿ ನಿನ್ನದು! ಮಾತು ಅಂದ್ರೆ ಮಾತು!”

ನಿವೃತ್ತ ಗಣಿತದ ಮೇಷ್ಟ್ರು ಹಲ್ಲುಜ್ಜುವ ಬ್ರಷ್ಷನ್ನು ಖಡ್ಗದಂತೆ ಝಳಪಿಸಿ ಈ ಘೋರ ಪ್ರತಿಜ್ಞೆ ಮಾಡಿದ್ದು ಗುರುವಾರ ಬೆಳಿಗ್ಗೆ. ಬಾಯಿಯ ನೊರೆ ಗದ್ದ ದಾಟಿ ಬನಿಯನ್ನಿಗೆ ಇಳಿದಿತ್ತು. ಸಮುದ್ರವೇ ಅವರ ಬಾಯಿಂದ ಹೊರಟಂತಿತ್ತು ಅನ್ನಿ!

ಹೆಂಡತಿ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಅದೇ ಜಗಲಿಯ ಉದ್ದಗಲ ನೋಡುತ್ತಿದ್ದಳು. ಹನ್ನೊಂದು ವರ್ಷದಿಂದ ಆಕೆಯ ಹೊಲಿಗೆ ಮಿಷನ್ನು ಅಡುಗೆಮನೆಯ ಮೂಲೆಯಲ್ಲಿ, ಒಲೆಗೂ ಸಿಂಕಿಗೂ ನಡುವೆ ಸಿಕ್ಕಿಕೊಂಡಿತ್ತು. “ಟೈಲರಮ್ಮ, ನಿಮ್ಮ ಹೊಲಿಗೆ ಚೆನ್ನ, ಆದರೆ ಬಟ್ಟೆ ತುಂಬ ಈರುಳ್ಳಿ ವಾಸನೆ” ಎಂದು ಗಿರಾಕಿಗಳು ಮೂಗು ಮುರಿದು ಮುರಿದು ಹೋಗುತ್ತಿದ್ದರು. ಗಾಳಿ, ಬೆಳಕು ಇರುವ ಜಗಲಿಗೆ ಮಿಷನ್ನು ಬರಬೇಕು ಎನ್ನುವುದು ಆಕೆಯ ಆಸೆ. ಅಲ್ಲಿ ದೋಣಿ ಕಟ್ಟಬೇಕು ಎನ್ನುವುದು ಈತನ ಹಟ.

“ಈಜು ಬರತ್ತಾ ನಿಮಗೆ?”

“ಈಜು ಬರೋನಿಗೆ ದೋಣಿ ಯಾಕೇ? ನೀನು ಒಂದೇ ಒಂದು ಉಪಕಾರ ಮಾಡು. ಕೆಲಸ ಮುಗಿಯೋವರೆಗೆ ತುಟಿ ಬಿಚ್ಚಬೇಡ. ನೀನು ಬಾಯಿ ಬಿಟ್ರೆ ನನ್ನ ಲೆಕ್ಕ ತಪ್ಪತ್ತೆ.”

“ಆಯ್ತು ಕಣ್ರೀ,” ಎಂದಳು ಆಕೆ. ಅಷ್ಟು ಸುಲಭವಾಗಿ ಒಪ್ಪಿದ್ದಕ್ಕೇ ಮೇಷ್ಟ್ರು ಹೆದರಬೇಕಿತ್ತು.

ದೋಣಿಯ ಲೆಕ್ಕ ಸರಳ. ಅಲ್ಯೂಮಿನಿಯಂ ಕೊಳವೆಯನ್ನು ಪಕ್ಕೆಲುಬಿನ ಹಾಗೆ ಬಗ್ಗಿಸಬೇಕು. ಅಂಥ ಏಳು ಪಕ್ಕೆಲುಬುಗಳನ್ನು ಉದ್ದ ಕೊಳವೆಗಳಿಂದ ಜೋಡಿಸಿ, ಮೇಲೆ ಟಾರ್ಪಾಲಿನ್ ಹೊದಿಸಿದರೆ ಮುಗಿಯಿತು. ಬಗ್ಗಿಸುವುದಕ್ಕೆ ಅಚ್ಚು? ಜಗಲಿಯ ನಡುವೆ ಸೂರನ್ನು ಹೊತ್ತು ನಿಂತ ದುಂಡನೆಯ ಕಂಬ ಇದೆಯಲ್ಲ! ಮನೆ ಕಟ್ಟಿದ ಮೇಸ್ತ್ರಿ ಮಿಕ್ಕ ಸಿಮೆಂಟನ್ನೆಲ್ಲ ಅದಕ್ಕೇ ಮೆತ್ತಿ ಹೋಗಿದ್ದ. ಆನೆ ಬಂದು ನಿಂತರೂ “ಅಣ್ಣಾ, ನಿನ್ನ ಕಾಲು ನನ್ನದಕ್ಕಿಂತ ದಪ್ಪ” ಎಂದು ನಾಚಬೇಕು, ಅಂಥ ಕಂಬ. ಮೇಷ್ಟ್ರು ಅದನ್ನು ಅಳೆದರು. ದೋಣಿಗೆ ಬೇಕಾದ ಅಗಲ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. “ಮೇಸ್ತ್ರಿ ದೂರದೃಷ್ಟಿ ಉಳ್ಳವನು!” ಎಂದು ಮೇಷ್ಟ್ರು ಕಂಬವನ್ನು ತಬ್ಬಿಕೊಂಡರು.

ಮೊದಲ ಕೊಳವೆಯನ್ನು ಕಂಬಕ್ಕೆ ಒತ್ತಿ ಎಳೆದರು. ಅದು ಬಗ್ಗಲಿಲ್ಲ, ಸೊಂಟ ಮುರಿದುಕೊಂಡು ಚಪ್ಪಟೆಯಾಯಿತು.

ಅದೇ ಹೊತ್ತಿಗೆ ಬಂದವನು ಭಾವಮೈದುನ. ಕೊಳಾಯಿ ಕೆಲಸದವನು. ಕೊಳವೆ ಬಗ್ಗಿಸಿ ಬಗ್ಗಿಸಿಯೇ ಎರಡು ಅಂತಸ್ತಿನ ಮನೆ ಕಟ್ಟಿದವನು.

“ಭಾವ, ಒಳಗೆ ಒಣ ಮರಳು ತುಂಬಿ, ಎರಡೂ ಬಾಯಿ ಮುಚ್ಚಿ, ಕಾಯಿಸಿ ಬಗ್ಗಿಸಿ. ನಾನೇ ಮಾಡ್ಕೊಡ್ಲಾ?”

“ನೀನು ಒಂಬತ್ತನೇ ಕ್ಲಾಸಲ್ಲಿ ಲೆಕ್ಕಕ್ಕೆ ಎಷ್ಟು ತಗೊಂಡಿದ್ದೆ?”

“ಹದಿನಾಲ್ಕು.”

“ನೂರಕ್ಕೆ! ಹೋಗು, ಅಕ್ಕನ ಹತ್ರ ಕಾಫಿ ಕುಡಿ.”

ಆದರೆ ಮರಳಿನ ಮಾತು ಮೇಷ್ಟ್ರ ತಲೆ ಹೊಕ್ಕಿತು. ಮನೆಯಲ್ಲಿ ಮರಳಿಲ್ಲ, ಹದಿನಾಲ್ಕು ಅಂಕದವನನ್ನು ಕೇಳುವ ಮನಸ್ಸೂ ಇಲ್ಲ. ಮೇಷ್ಟ್ರು ಪ್ರಮೇಯ ಹೂಡಿದರು. ಮರಳೆಂದರೆ ಸಣ್ಣ ಕಣಗಳ ರಾಶಿ. ಸಕ್ಕರೆಯೂ ಸಣ್ಣ ಕಣಗಳ ರಾಶಿ. ಆದ್ದರಿಂದ ಮರಳು ಸಮ ಸಕ್ಕರೆ. ಸಾಧಿಸಬೇಕಾಗಿದ್ದುದು ಇದೇ!

ಡಬ್ಬಿಯ ಸಕ್ಕರೆ ಪೂರ್ತಿ ಎರಡನೆಯ ಕೊಳವೆಯ ಹೊಟ್ಟೆ ಸೇರಿತು. ಗ್ಯಾಸ್ ಒಲೆಯ ಮೇಲೆ ಕಾದ ಕೊಳವೆ ಮೊದಲು ಗುನುಗಿತು, ಆಮೇಲೆ ಕೆಮ್ಮಿತು, ಕೊನೆಗೆ ತನ್ನ ಬಿರಡೆಯನ್ನು ಅಟ್ಟಕ್ಕೆ ಉಗಿದು ಕಂದು ಪಾಕವನ್ನು ಸುರಿಸಿತು. ಒಲೆ, ಗೋಡೆ, ಮೇಷ್ಟ್ರ ಎಡ ಹುಬ್ಬು ಎಲ್ಲಕ್ಕೂ ಸಮಪಾಲು. ಆದರೂ ಬಿಡದೆ ಓಡಿ ಬಂದು ಅದನ್ನು ಕಂಬಕ್ಕೆ ಬಗ್ಗಿಸಿದರು. ಉಳಿದ ಪಾಕ ಒಳಗೇ ಗಟ್ಟಿಯಾಯಿತು. ಮಧ್ಯಾಹ್ನದೊಳಗೆ ಊರಿನ ಇರುವೆಗಳೆಲ್ಲ ಸಾಲುಗಟ್ಟಿ ಗೃಹಪ್ರವೇಶಕ್ಕೆ ಬಂದವು.

ಕಾಫಿ ಲೋಟ ಹಿಡಿದು ನಿಂತಿದ್ದ ತಮ್ಮನಿಗೆ ಅಕ್ಕ ಹೇಳಿದಳು: “ಸಕ್ಕರೆ ಇಲ್ಲ ಕಣೋ. ಬೇಕಿದ್ರೆ ಆ ದೋಣಿ ನೆಕ್ಕು.”

ತಮ್ಮನೇ ಸೈಕಲ್ಲಿನಲ್ಲಿ ಎರಡು ಚೀಲ ಮರಳು ತಂದುಹಾಕಿದ. ಕೊಳವೆಗಳು ಈಗ ಸೊಂಟ ಮುರಿಯದೆ ಸೊಗಸಾಗಿ ಬಗ್ಗಿದವು. ಆದರೆ ಹೊಸ ಪೀಡೆ ಶುರುವಾಯಿತು. ಕಂಬ ತಬ್ಬಿದ್ದಾಗ ಬಗ್ಗಿರುವ ಕೊಳವೆ, ಕೈಬಿಟ್ಟ ಕೂಡಲೇ ಅಷ್ಟು ದೂರ ಅಗಲವಾಗುತ್ತಿತ್ತು. ಮೇಷ್ಟ್ರು ನೋಡುವಾಗ ಕೈಕಟ್ಟಿ ಕೂತು, ಬೋರ್ಡಿನ ಕಡೆ ತಿರುಗಿದಾಗ ಕಾಲು ಚಾಚುವ ಹಿಂದಿನ ಬೆಂಚಿನ ತುಂಟನ ಹಾಗೆ!

“ಅದು ಸಹಜ ಭಾವ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಬಗ್ಗಿಸಬೇಕು. ಬಿಟ್ಟಾಗ ಸರಿಯಾದ ಅಳತೆಗೆ ಬಂದು ನಿಲ್ಲತ್ತೆ. ಸಣ್ಣ ಡ್ರಮ್ ಸುತ್ತ ಬಗ್ಗಿಸೋಣ, ಈ ಕಂಬ ಬೇಡ.”

ಮೇಷ್ಟ್ರ ಮುಖ ಕೆಂಪಾಯಿತು. “ಅಂದ್ರೆ? ತಪ್ಪು ಅಳತೆ ಹಾಕಿ ಸರಿ ಉತ್ತರ ತರೋದಾ? ಅದಕ್ಕೆ ಕಾಪಿ ಹೊಡೆಯೋದು ಅಂತಾರೆ! ಮೂವತ್ನಾಲ್ಕು ವರ್ಷ ನನ್ನ ಕ್ಲಾಸಲ್ಲಿ ಒಬ್ಬನಿಗೂ ಬಿಟ್ಟಿಲ್ಲ ನಾನು!”

ಸರಿ ಅಳತೆಯಲ್ಲಿ ಬಗ್ಗಿಸಿದ್ದು ಸರಿ ಅಳತೆಯಲ್ಲೇ ನಿಲ್ಲಬೇಕು. ಕೈಬಿಟ್ಟರೆ ತಾನೆ ಅಗಲವಾಗುವುದು? ಬಿಡುವುದೇ ಬೇಡ! ಕೊಳವೆ ಇನ್ನೂ ಕಂಬವನ್ನು ತಬ್ಬಿರುವಾಗಲೇ, ಅದರ ಎರಡು ತುದಿಗಳ ನಡುವೆ ಅಡ್ಡ ಕೊಳವೆಯಿಟ್ಟು ರಿವೆಟ್ ಹೊಡೆದುಬಿಟ್ಟರು. ಟಕ್, ಟಕ್! ಕೊಳವೆ ಮಿಸುಕಲಿಲ್ಲ. “ನೋಡಿದ್ಯಾ? ಶಿಸ್ತು ಅಂದ್ರೆ ಇದು!”

ಭಾವಮೈದುನ ಏನೋ ಹೇಳಲು ಬಾಯಿ ತೆರೆದ. ಅಕ್ಕ ಅವನ ಕಾಲು ತುಳಿದಳು.

ಶುಕ್ರವಾರ ಮೂರು, ಶನಿವಾರ ನಾಲ್ಕು. ಸಕ್ಕರೆಯದ್ದನ್ನೂ ಬಿಸಾಡದೆ ಆ ಏಳರಲ್ಲೇ ತಳದ್ದಾಗಿ ಸೇರಿಸಿದರು. ದೋಣಿ ನಿಂತ ಭಂಗಿಯಲ್ಲೇ, ನೆಲದಿಂದ ಸೂರಿನ ಕಡೆಗೆ ಬೆಳೆಯಿತು. “ಜಾಗ ಉಳಿತಾಯ!” ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಭಾನುವಾರ ಮಧ್ಯಾಹ್ನ ಉದ್ದದ ಕೊಳವೆಗಳನ್ನೂ ಜೋಡಿಸಿ ಆಯಿತು. ಟಾರ್ಪಾಲಿನ್ ಕೆರೆ ದಡದಲ್ಲೇ ಹೊದಿಸುವುದೆಂದು ಮಡಿಸಿಟ್ಟರು. ನಾಲ್ಕು ಗಂಟೆಗೆ ಭಾವಮೈದುನ ಕೈಗಾಡಿ ತಂದು ಗೇಟಿನ ಹತ್ತಿರ ನಿಲ್ಲಿಸಿದ. ಮೇಷ್ಟ್ರು ಟೋಪಿ ಹಾಕಿ, ತಾವೇ ಕೆತ್ತಿದ ಹುಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಆಜ್ಞೆ ಕೊಟ್ಟರು.

“ಎತ್ತು!”

ಎತ್ತಿದರು. ಮೇಲಕ್ಕೆ ಒಂದು ಗೇಣು ಹೋಗಿ ಸೂರಿಗೆ ಬಡಿಯಿತು.

“ಎಡಕ್ಕೆ!” ಕಂಬ. “ಬಲಕ್ಕೆ!” ಕಂಬ. “ನನ್ನ ಕಡೆಗೆ!” ಅಲ್ಲಿಯೂ ಅದೇ ಕಂಬ!

ಭಾವಮೈದುನ ಬೆವರು ಒರೆಸಿಕೊಂಡು, ಬಹಳ ವಿನಯದಿಂದ ಕೇಳಿದ. “ಭಾವ, ದೋಣಿ ಹೊರಗೆ ಬರಬೇಕಾದ್ರೆ ಮೊದಲು ಮನೆ ಎತ್ತಬೇಕು. ಇನ್ನೂ ನಾಲ್ಕು ಜನಾನ ಕರೀಲಾ?”

ಮೇಷ್ಟ್ರು ಕಂಬವನ್ನು ಒಂದು ಸುತ್ತು ಬಂದರು. ಇನ್ನೊಂದು ಸುತ್ತು ಬಂದರು. ದೋಣಿಯಿರುವ ಮನೆಗಳು ಲೋಕದಲ್ಲಿ ಬೇಕಾದಷ್ಟಿವೆ. ಮನೆಯನ್ನು ಒಳಗಿಟ್ಟುಕೊಂಡ ದೋಣಿ ಇದೊಂದೇ! ಏಳು ಪಕ್ಕೆಲುಬುಗಳೂ ಕಂಬ ತೊಟ್ಟ ಬಳೆಗಳ ಹಾಗೆ ಥಳಥಳ ಹೊಳೆಯುತ್ತಿದ್ದವು.

“ಮೊದಲೇ ಹೇಳೋಕೆ ಏನಾಗಿತ್ತೇ ನಿಂಗೆ!” ಎಂದು ಹೆಂಡತಿಯ ಮೇಲೆ ಹಾರಿದರು.

“ಮೊದಲನೇ ಬಳೆಗೇ ಗೊತ್ತಾಯ್ತು ಕಣ್ರೀ. ಬಾಯಿ ಬಿಟ್ರೆ ಲೆಕ್ಕ ತಪ್ಪತ್ತೆ ಅಂದಿದ್ರಲ್ಲ?”

ಹೊತ್ತು ಮುಳುಗಲು ಇನ್ನೂ ಒಂದು ಗಂಟೆ ಇತ್ತು. ಮೇಷ್ಟ್ರು ಡ್ರಿಲ್ಲು ಹಿಡಿದು ಮೇಲಿನ ಬಳೆಯ ರಿವೆಟ್ಟಿಗೆ ಕೈಹಾಕಿದರು. ಹಿಂದಿನ ದಿನದಿಂದ ಉಸಿರು ಬಿಗಿಹಿಡಿದಿದ್ದ ಕೊಳವೆ ಟಂಯ್ ಎಂದು ಬಿಚ್ಚಿಕೊಂಡಿತು! ಟೋಪಿ ಪಕ್ಕದ ಮನೆಯ ತಾರಸಿಗೆ, ಕನ್ನಡಕ ಮರಳಿನ ಚೀಲಕ್ಕೆ, ಮೇಷ್ಟ್ರು ಕೈಗಾಡಿಗೆ.

“ಇನ್ನು ಆರು ಬಾಕಿ ಇದೆ ಭಾವ,” ಎಂದು ಭಾವಮೈದುನ ನೆನಪಿಸಿದ.

ಕೈಗಾಡಿಯಲ್ಲಿ ಮಲಗಿದ್ದಲ್ಲಿಂದಲೇ ಮೇಷ್ಟ್ರು ಸೂರ್ಯಾಸ್ತವನ್ನು ವೀಕ್ಷಿಸಿದರು.

ಸೋಮವಾರ ಬೆಳಿಗ್ಗೆ ಹೊಲಿಗೆ ಮಿಷನ್ನು ಜಗಲಿಗೆ ಬಂತು. ಉಳಿದ ಬಳೆಗಳನ್ನು ಕತ್ತರಿಸಲು ಮೇಷ್ಟ್ರು ಗರಗಸ ಹಿಡಿದು ಬಂದರೆ, “ಮುಟ್ಟೀರಾ ಜೋಕೆ! ಜಗಲಿ ನಂದು, ಜಗಲಿಯಲ್ಲಿರೋದೂ ನಂದು” ಎಂದು ಹೆಂಡತಿ ಅಡ್ಡ ನಿಂತಳು. ಹತ್ತು ಗಂಟೆಯ ಹೊತ್ತಿಗೆ ಹೊಲಿದ ಬಟ್ಟೆಗಳೆಲ್ಲ ಕಂಬದ ಸುತ್ತ ಸಾಲಾಗಿ ತೂಗಾಡುತ್ತಿದ್ದವು. ಈರುಳ್ಳಿ ವಾಸನೆಯ ಸುಳಿವೂ ಇರಲಿಲ್ಲ.

ಹಳೆಯ ಗಿರಾಕಿಯೊಬ್ಬಳು ಬಂದು ಕಣ್ಣರಳಿಸಿದಳು. “ಎಂಥಾ ಚೆಂದದ ಸ್ಟ್ಯಾಂಡು ಟೈಲರಮ್ಮ! ಯಾರು ಮಾಡಿದ್ದು?”

ಬಾಗಿಲ ಮರೆಯಲ್ಲಿದ್ದ ಮೇಷ್ಟ್ರು ಕತ್ತು ಉದ್ದ ಮಾಡಿದರು.

“ನಮ್ಮೆಜಮಾನ್ರು. ನಾಲ್ಕು ದಿನ ಊಟ, ನಿದ್ದೆ ಬಿಟ್ಟು ಮಾಡಿದ್ರು, ಪಾಪ. ದೋಣಿ ಅಂದ್ಕೊಂಡು.” ಸೂಜಿಗೆ ದಾರ ಪೋಣಿಸುತ್ತ ಹೆಂಡತಿ ಕೂಗಿದಳು: “ಅಯ್ಯೋ, ಬ್ಯಾಗನ್ನ ಆ ಕೆಳಗಿನದಕ್ಕೆ ತಗಲಿಸಬೇಡ್ರಮ್ಮ! ಅದು ಸಕ್ಕರೆ ಡಬ್ಬಿ!”