ಆಳ್ವರು ಆರಿಸಿದ ನಾಲ್ಕು ಗಾಲಿ

“ಟಯರು ಆರಿಸುವುದೆಂದರೆ ಸೀರೆ ಆರಿಸಿದ ಹಾಗಲ್ಲ ದಮಯಂತಿ! ಅದಕ್ಕೆ ಕಣ್ಣು ಬೇಕು, ಕೈ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ತಲೆ ಬೇಕು!”

ಸೀತಾಂಗೋಳಿಯ ಲೋಕನಾಥ ಆಳ್ವರು ಹೀಗೆಂದು ತಮ್ಮ ತಲೆಯನ್ನೇ ತಟ್ಟಿಕೊಂಡರು. ಆ ತಲೆಗೂ ಅಂಗಳದಲ್ಲಿ ನಿಂತಿದ್ದ ಆಸ್ಟಿನ್ ಕಾರಿನ ಟಯರುಗಳಿಗೂ ಬಹಳ ಹೋಲಿಕೆ. ಎರಡೂ ಸವೆದು ನುಣ್ಣಗಾಗಿ ಮಿರಮಿರ ಹೊಳೆಯುತ್ತಿದ್ದವು. ತಲೆಯ ನಷ್ಟವನ್ನೆಲ್ಲ ಮೂಗಿನ ಕೆಳಗೆ ತುಂಬಿಕೊಂಡಿದ್ದರು ಆಳ್ವರು. ಅವರ ಮೀಸೆ ಮೊದಲು ಬಾಗಿಲು ದಾಟುತ್ತಿತ್ತು, ಆಮೇಲೆ ಅವರು.

“ವ್ಯತ್ಯಾಸ ಉಂಟು, ಇಲ್ಲ ಅನ್ನುವುದಿಲ್ಲ,” ಎಂದರು ಅವರ ಪತ್ನಿ. “ನಾನು ಆರಿಸಿದ ಒಂದು ಸೀರೆಯೂ ಇದುವರೆಗೆ ಮುಳ್ಳೇರಿಯದಲ್ಲಿ ಢಂ ಅಂದದ್ದಿಲ್ಲ.”

ಮುಳ್ಳೇರಿಯ! ಆ ಹೆಸರು ಕೇಳಿದರೆ ಸಾಕು, ಆಳ್ವರ ಮೀಸೆಯ ತುದಿ ಕೆಳಗಿಳಿಯುತ್ತಿತ್ತು. ಹೋದ ವರ್ಷ ದೇಲಂಪಾಡಿಯಲ್ಲಿದ್ದ ಹೆಂಡತಿಯ ತವರಿಗೆ ಹೊರಟವರು ಅಲ್ಲಿ ಒಂದೇ ಬಾರಿಗೆ ಎರಡು ಟಯರು ಒಡೆಸಿಕೊಂಡಿದ್ದರು. ಹತ್ತು ಜನ ತಳ್ಳಿ, ಹೊತ್ತು, ಉರುಳಿಸಿ ಅಂಗಳ ಮುಟ್ಟಿಸಿದಾಗ ದಮಯಂತಿಯ ತಮ್ಮ ಹರಿನಾಥ ರೈ ಜಗಲಿಯಲ್ಲಿ ನಿಂತು ಕೈತಟ್ಟಿ ನಕ್ಕಿದ್ದ.

“ಭಾವ, ನಿಮ್ಮ ಕಾರಿಗೆ ನಾಲ್ಕು ಗಾಲಿ ಸಾಲದು, ನಾಲ್ಕು ಎತ್ತು ಬೇಕು!”

ಆಳ್ವರು ಅಲ್ಲಿಯೇ, ಬೆವರುತ್ತಿದ್ದ ಹತ್ತು ಜನರ ಎದುರು, ಭೀಷ್ಮನೂ ನಾಚುವಂಥ ಪ್ರತಿಜ್ಞೆ ಮಾಡಿದ್ದರು. “ಮುಂದಿನ ಸಲ ಯಾವ ಮನುಷ್ಯನೂ ತಳ್ಳದೆ ನನ್ನ ಕಾರು ಈ ಅಂಗಳಕ್ಕೆ ಬಾರದಿದ್ದರೆ ಈ ಮೀಸೆ ಬೋಳಿಸುತ್ತೇನೆ!”

ಆ ಮುಂದಿನ ಸಲ ಈಗ ಬಂದಿತ್ತು. ದಮಯಂತಿಯ ತಂಗಿ ಕಮಲಳ ಮದುವೆಗೆ ಇನ್ನು ಹತ್ತೇ ದಿನ. ಆದರೆ ಯುದ್ಧ ಮುಗಿದ ಮರುವರ್ಷವದು. ಜಪಾನು ಸೋತರೂ ಟಯರಿನ ಬರ ಸೋತಿರಲಿಲ್ಲ. ಪರ್ಮಿಟ್ ಇಲ್ಲದವರು ಪೇಟೆಯಲ್ಲಿ ‘ಟಯರು’ ಎಂದು ಗಟ್ಟಿಯಾಗಿ ಕೆಮ್ಮುವ ಹಾಗೂ ಇರಲಿಲ್ಲ.

“ಡ್ರೈವರ್ ಚೆನ್ನಯ್ಯನನ್ನಾದರೂ ಕರಕೊಂಡು ಹೋಗಿ. ಅವನಿಗೆ ಮಲಯಾಳ ಬರ್ತದೆ,” ಎಂದರು ದಮಯಂತಿ.

“ನನಗೆ ಬರುವುದಿಲ್ಲವಾ?” ಎಂದು ಆಳ್ವರು ಒಬ್ಬರೇ ಬಸ್ಸು ಹತ್ತಿದರು. ಆಳ್ವರಿಗೆ ಮಲಯಾಳ ಬರುತ್ತದೆಂಬುದು ಕಾಸರಗೋಡು ತಾಲೂಕಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಆಳ್ವರಿಗೆ! ಯಾವುದೇ ಮಾತಿನ ಬಾಲಕ್ಕೆ ‘ಬೇಕು’ ಎನ್ನುವ ಬದಲು ‘ವೇಣಂ’ ಎಂದು ಕಟ್ಟಿಬಿಟ್ಟರೆ ಅದು ಮಲಯಾಳ ಎಂಬುದು ಅವರ ವ್ಯಾಕರಣ.

ಕಾಸರಗೋಡಿನ ಚಾದಂಗಡಿಯಲ್ಲಿ ಸುಕುಮಾರನ್ ಸಿಕ್ಕಿದ. ನೀಲೇಶ್ವರದ ದಲ್ಲಾಳಿ. ಸೂಜಿಯಿಂದ ಆನೆಯವರೆಗೆ ಕೇಳಿದ್ದನ್ನು ತಂದುಕೊಡುವವನೆಂದು ಖ್ಯಾತಿ. ಕನ್ನಡದಲ್ಲಿ ಮಾತ್ರ ‘ಚಾ’ ಒಂದೇ ತಿಳಿಯುತ್ತಿತ್ತು. ಪಕ್ಕದ ಬೆಂಚಿನಲ್ಲಿ ಪೊಲೀಸನೊಬ್ಬ ಗೋಳಿಬಜೆ ತಿನ್ನುತ್ತಿದ್ದ. ಆಳ್ವರು ದನಿ ತಗ್ಗಿಸಿದರು. ಟಯರೆನ್ನುವಂತಿಲ್ಲ. ಗಾಲಿ ಎನ್ನಬಹುದಲ್ಲ!

“ನಾಲ್ ಗಾಲಿ ವೇಣಂ.”

“ನಾಲ್ಕಾಲಿಯಾ?” ಸುಕುಮಾರನ್ ಹುಬ್ಬೇರಿಸಿದ.

“ಅದೇ, ಅದೇ! ಒಳ್ಳೆ ಗಟ್ಟಿ, ದೂರ ಓಡುವಂಥದ್ದು ವೇಣಂ.”

ಎಷ್ಟು ಜೊತೆ ಎಂದು ಸುಕುಮಾರನ್ ಬೆರಳಲ್ಲೇ ಕೇಳಿದ. ಮುಂದೆ ಒಂದು ಜೊತೆ, ಹಿಂದೆ ಒಂದು ಜೊತೆ ಎಂದು ಆಳ್ವರು ಬೆರಳಲ್ಲೇ ಹೇಳಿದರು. ಬಣ್ಣ? “ಕಪ್ಪು ವೇಣಂ!” ಬಿಳಿ ಟಯರೂ ಉಂಟಾ ಇವನ ಹತ್ತಿರ ಎಂದು ಆಳ್ವರಿಗೆ ಅವನ ಮೇಲೆ ಗೌರವ ಇಮ್ಮಡಿಯಾಯಿತು. ಸುಕುಮಾರನ್ ತನ್ನ ಹಲ್ಲು ತೋರಿಸಿ “ಪಲ್ಲ್ ನೋಕ್ಕಣೋ?” ಎಂದ. ಹಲ್ಲು ನೋಡಬೇಕೋ? ಆಹಾ, ಟಯರಿನ ಹಲ್ಲಿನ ಮಾತು! ಕಸುಬು ತಿಳಿದವನೆಂದರೆ ಇವನೇ! “ಹಲ್ಲು ಸವೆದದ್ದು ಬೇಡವೇ ಬೇಡ!” ಎಂದು ಆಳ್ವರು ಮೇಜು ಕುಟ್ಟಿದರು. ಕೊನೆಗೆ, ಗಾಳಿಯ ನೆನಪಾಗಿ, ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿ, “ಹೊಟ್ಟೆ ತುಂಬಿಸಿಯೇ ಕಳಿಸು ಮಾರಾಯ,” ಎಂದರು. ಸುಕುಮಾರನ ಕಣ್ಣು ತುಂಬಿ ಬಂತು. ಇಷ್ಟು ಕರುಣೆಯ ಗಿರಾಕಿಯನ್ನು ಅವನು ಕಂಡಿರಲಿಲ್ಲ.

ಮದುವೆಗೆ ಎರಡು ದಿನ ಇರುವಾಗ, ಬೆಳಗ್ಗೆ, ಗೇಟಿನಲ್ಲಿ ಗಂಟೆಯ ಸದ್ದು.

“ಬಂತು!” ಎಂದು ಆಳ್ವರು ಜಾಕಿ ಹಿಡಿದು ಓಡಿದರು.

ಬಂದದ್ದು ನಾಲ್ಕು ಎತ್ತು. ಕಾಡಿಗೆಯಂಥ ಕಪ್ಪು, ಹೊಟ್ಟೆ ತುಂಬಿದ, ಒಂದೊಂದೂ ಹಲ್ಲು ಕಿಸಿದು ನಗುವ ಎತ್ತು! ತಂದವನು ಹಗ್ಗವನ್ನು ಆಳ್ವರ ಕೈಗಿಟ್ಟು, ಮಲಯಾಳದಲ್ಲಿ ಏನೋ ಹೇಳಿ, ನೀರು ಕುಡಿದು ಹೊರಟೇಹೋದ.

“ಎಂತ ಹೇಳಿದ ಅವನು?” ಆಳ್ವರ ದನಿ ಟ್ಯೂಬಿನಿಂದ ಗಾಳಿ ಹೋದಂತಿತ್ತು.

ಚೆನ್ನಯ್ಯ ತಲೆ ಕೆರೆದ. “ಧಣಿಗಳು ಕೇಳಿದ ನಾಲ್ಕಾಲಿ ತಂದಿದ್ದೇನೆ ಅಂದ. ಮಲಯಾಳದಲ್ಲಿ ನಾಲ್ಕಾಲಿ ಅಂದರೆ ನಾಲ್ಕು ಕಾಲಿನದ್ದು. ದನ, ಎತ್ತು, ಅಂಥದ್ದು. ಧಣಿಗಳು ಎಂತ ಕೇಳಿದ್ದು?”

ಒಂದು ಎತ್ತು ಧಣಿಗಳ ಮೀಸೆಯನ್ನು ಮೂಸಿ ನೋಡಿ, ಒಣಹುಲ್ಲಲ್ಲವೆಂದು ಬಿಟ್ಟಿತು.

ದಮಯಂತಿ ಬಾಗಿಲಲ್ಲಿ ನಿಂತು ನಕ್ಕರು. ಕೂತು ನಕ್ಕರು. ಕಂಬ ಹಿಡಿದು ನಕ್ಕರು. ಕಣ್ಣೊರಸಿಕೊಂಡು, “ಕಣ್ಣು ಬೇಕು, ಕೈ ಬೇಕು, ತಲೆ ಬೇಕು. ಬಾಲವೂ ಸಿಕ್ಕಿತು!” ಎಂದರು.

“ನನ್ನ ಮೀಸೆ ಹೋಯಿತು ದಮಯಂತಿ.”

ಆ ಕರುಣಾಜನಕ ದನಿಗೆ ದಮಯಂತಿಯ ನಗು ನಿಂತಿತು. ಅವರು ಕಾರನ್ನು ನೋಡಿದರು, ಎತ್ತುಗಳನ್ನು ನೋಡಿದರು. “ಚೆನ್ನಯ್ಯಾ, ಒಡೆದ ಟಯರಿಗೆಲ್ಲ ಬೈಹುಲ್ಲು ತುರುಕು. ನಾಳೆ ಬೆಳಕು ಹರಿಯುವಾಗ ಬಂಪರಿಗೆ ನೊಗ ಕಟ್ಟು.”

ಹೀಗೆ ಆಸ್ಟಿನ್ ಮಹಾರಥ ಹೊರಟಿತು! ಮುಂದೆ ಎರಡು ಜೊತೆ ಎತ್ತು, ಅವುಗಳ ಪಕ್ಕ ಕೋಲು ಹಿಡಿದ ಚೆನ್ನಯ್ಯ, ಒಳಗೆ ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತ ಆಳ್ವರು, ಹಿಂದೆ ಮಲ್ಲಿಗೆ ಮುಡಿದ ದಮಯಂತಿ. ಪ್ರತಿ ವಿಶ್ರಾಂತಿಯಲ್ಲೂ ಎತ್ತುಗಳು ತಿರುಗಿ ಬಂದು ಟಯರಿನ ಬೈಹುಲ್ಲನ್ನೇ ತಿನ್ನುತ್ತಿದ್ದವು. ಲೋಕದಲ್ಲಿ ಟಯರನ್ನು ರಸ್ತೆ ತಿನ್ನುತ್ತದೆ. ಆಳ್ವರ ಟಯರನ್ನು ಇಂಜಿನ್ನೇ ತಿಂದಿತು! ಮುಳ್ಳೇರಿಯದಲ್ಲಿ ಜನ ಸಾಲಾಗಿ ನಿಂತು ನೋಡಿದರು. ಆಳ್ವರು ನಮಸ್ಕಾರವೆಂದು ತಿಳಿದವರಂತೆ ಎಲ್ಲರಿಗೂ ಕೈಮುಗಿದರು.

ಸಂಜೆ ಮದರಂಗಿಯ ಹೊತ್ತಿಗೆ ದೇಲಂಪಾಡಿಯ ಗೇಟು ಕಂಡಿತು. ಆಳ್ವರಿಗೆ ಒಮ್ಮೆಲೇ ಶೌರ್ಯ ಬಂತು. ಕಾರೆಂದ ಮೇಲೆ ಹಾರ್ನ್ ಹೊಡೆಯದೆ ಬರುವುದುಂಟೇ?

“ಬೇಡ!” ಎಂದರು ದಮಯಂತಿ.

“ಪೋಂ!” ಎಂದಿತು ಹಾರ್ನ್.

ಎತ್ತುಗಳು ಬಾಲ ಎತ್ತಿದವು. ಹೊಸದಾಗಿದ್ದಾಗಲೂ ಕಾಣದ ವೇಗದಲ್ಲಿ ಆಸ್ಟಿನ್ ಗೇಟು ನುಗ್ಗಿ, ಬಾಳೆಗಿಡಗಳೆರಡನ್ನು ಕೊರಳಿಗೆ ಹಾಕಿಕೊಂಡು, ಚಪ್ಪರದ ಒಳಗೇ ಹೋಗಿ ಮದುಮಗಳ ಮಣೆಯ ಮುಂದೆ ನಿಂತಿತು. ಕಮಲ ಮದರಂಗಿಯ ಕೈಯಲ್ಲೇ ಮುಖ ಮುಚ್ಚಿಕೊಂಡು ಕೆನ್ನೆ ಕೆಂಪು ಮಾಡಿಕೊಂಡಳು.

ಹಲಸಿನ ಮರದ ಕೆಳಗಿದ್ದ ಎತ್ತಿನ ಗಾಡಿಗಳೆರಡರ ಗಾಲಿಗೆ ಚಾಪೆ ಮುಚ್ಚುತ್ತಿದ್ದ ಹರಿನಾಥ ಓಡಿ ಬಂದ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದ.

“ಭಾವ! ನಾನು ತಮಾಷೆಗೆ ಹೇಳಿದ್ದಲ್ವಾ ಮಾರಾಯ್ರೇ!” ಎಂದು ಅಲ್ಲಿಯೇ ಉರುಳಾಡಿ ನಕ್ಕ. “ಕ್ಷೌರದವನು ಇಲ್ಲೇ ಇದ್ದಾನೆ. ಮೀಸೆ ಈಗಲೋ, ಊಟ ಆದಮೇಲೋ?”

ದಮಯಂತಿ ಕಾರಿಂದ ಇಳಿದರು. “ಹರಿ, ಮಾತು ಎಂತ ಇದ್ದದ್ದು? ಯಾವ ಮನುಷ್ಯನೂ ತಳ್ಳದೆ ಬರುವುದು. ಯಾರಾದರೂ ತಳ್ಳಿದರಾ?”

“ಇಲ್ಲ, ಆದರೆ ಎತ್ತು ಎಳೆದು...”

“ಎತ್ತು ಮನುಷ್ಯನಾ?”

ಚಪ್ಪರಕ್ಕೆ ಚಪ್ಪರವೇ ಹೋ ಎಂದಿತು. ಮೀಸೆ ಉಳಿಯಿತು! ಆದರೆ ಮರುದಿನ ಮದುವೆಯೂಟದ ಪಂಕ್ತಿಯಲ್ಲಿ ಹರಿನಾಥ, “ಭಾವನಿಗೆ ಪಾಯಸ ಆಯ್ತಲ್ಲ, ಭಾವನ ಕಾರಿಗೆ ಹುರುಳಿ ಇಟ್ಟಿದ್ದೀರಾ?” ಎಂದು ಕೂಗುವುದನ್ನು ಮಾತ್ರ ಯಾರಿಂದಲೂ ತಡೆಯಲಾಗಲಿಲ್ಲ.

ವಾರದ ಮೇಲೆ ಸುಕುಮಾರನ್ ಎತ್ತುಗಳ ಕ್ಷೇಮ ವಿಚಾರಿಸಲು ಸೀತಾಂಗೋಳಿಗೆ ಬಂದ. ಈ ಸಲ ಚೆನ್ನಯ್ಯ ನಡುವೆ ನಿಂತು ಎಲ್ಲ ಬಿಡಿಸಿ ಹೇಳಿದ. ಸುಕುಮಾರನ್ ಹಣೆ ಚಚ್ಚಿಕೊಂಡು ಉದ್ದಕ್ಕೆ ಏನೋ ಹೇಳಿದ.

“ಎಂತದಂತೆ?”

ಚೆನ್ನಯ್ಯ ಧಣಿಯ ಮುಖ ನೋಡದೆ ಹೇಳಿದ. “ಟಯರು ಅಂತ ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ ಆಗ್ತಿತ್ತಂತೆ ಧಣಿ. ಆ ದಿನವೇ ಹೊಸ ಟಯರು ನಾಲ್ಕು ಅವನಲ್ಲಿ ಇತ್ತಂತೆ.”

“ಇತ್ತಾ? ಈಗ?”

“ದೇಲಂಪಾಡಿಯ ರೈಗಳು ತಗೊಂಡು ಹೋದರಂತೆ. ಮದುವೆ ಸಾಮಾನು ಸಾಗಿಸುವ ಎತ್ತಿನ ಗಾಡಿ ಎರಡಕ್ಕೆ ಹಾಕ್ಲಿಕ್ಕೆ.”

ಹಟ್ಟಿಯಲ್ಲಿ ನಾಲ್ಕು ಗಾಲಿಗಳೂ ಒಟ್ಟಿಗೆ ಹಸಿವಿನಿಂದ ಕೂಗಿದವು. ಆಳ್ವರು ಎದ್ದು, ಒಳಗೆ ಮುಖ ಮಾಡಿ ಮೆಲ್ಲನೆ ಕೇಳಿದರು.

“ದಮಯಂತೀ, ಕತ್ತಿ ಎಲ್ಲಿ ಉಂಟು?”

ಒಳಗಿಂದ ಉತ್ತರ ಬಂತು. “ಯಾವುದು? ಹುಲ್ಲು ಕೊಯ್ಯುವುದಾ, ಮೀಸೆ ಕೊಯ್ಯುವುದಾ?”